ಬೋರ್ಡಿನ ಸೋಲ್ಡರ್ ತೆಗೆಯುವಾಗ ಮನೆಯ ಮಗು ನೆನಪಿರಲಿ

ಮಳೆಗಾಲ ಹಿಡಿಯುವ ಮುಂಚಿನ ಒಂದು ಸಂಜೆ. ಗುಡುಗು ಸಿಡಿಲಿನ ಮರುದಿನ ನಮ್ಮ ಮದ್ರಸದ ಮೈಕ್ ಸೆಟ್ ಮಾತನಾಡುವುದನ್ನು ನಿಲ್ಲಿಸಿತು. ಸ್ವಿಚ್ ಹಾಕಿದರೆ ಬರೀ 'ಗುಂಯ್' ಎಂಬ ಸದ್ದು. ಊರಲ್ಲಿ ನಮ್ಮ ಹತ್ತಿರವೇ ಕಲಿತ ಹುಡುಗನೊಬ್ಬನಿದ್ದಾನೆ. ಪಿಯುಸಿ ಮುಗಿಸಿ ಈಗ ಮೊಬೈಲ್ ರಿಪೇರಿ ಕಲಿಯುತ್ತಿದ್ದಾನೆ. ಉಪ್ಪ ಗಲ್ಫಿನಲ್ಲಿ. ಆಂಪ್ಲಿಫೈಯರ್ ಹೊತ್ತುಕೊಂಡು ಅವನ ಮನೆಗೆ ಹೋದೆವು.

"ಕುಳಿತುಕೊಳ್ಳಿ ಉಸ್ತಾದ್, ಹತ್ತು ನಿಮಿಷದ ಕೆಲಸ" ಎಂದ. ಊಟದ ಮೇಜಿನ ಮೇಲೆಯೇ ಪೆಟ್ಟಿಗೆ ಬಿಚ್ಚಿದ. ಒಳಗೆ ಎರಡು ಕೆಪಾಸಿಟರ್ ತಲೆ ಉಬ್ಬಿಸಿಕೊಂಡು ನಿಂತಿದ್ದವು. ಬಲಗೈಯಲ್ಲಿ ಐರನ್, ಎಡಗೈಯಲ್ಲಿ ಬೋರ್ಡ್, ಸೋಲ್ಡರ್ ವಯರನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ಹಳೆಯ ಸೋಲ್ಡರ್ ಕರಗಿದ ಕೂಡಲೇ ಬೋರ್ಡನ್ನು ಮೇಜಿನ ಅಂಚಿಗೆ 'ಟಪ್' ಎಂದು ಬಡಿದ. ಬೆಳ್ಳಗಿನ ಹನಿಗಳು ಸಿಡಿದು ನೆಲಕ್ಕೆ ಬಿದ್ದವು. ಚೆಂದ ಕೆಲಸ ಮಾಡ್ತಾನಲ್ಲ ಎಂದು ನಾವೂ ನೋಡುತ್ತಾ ಕುಳಿತೆವು. ಅಷ್ಟರಲ್ಲಿ ಮೇಜಿನ ಕೆಳಗೆ ಅಂಬೆಗಾಲಿಡುತ್ತಿದ್ದ ಅವನ ಅಕ್ಕನ ಮಗು ಹೊಳೆಯುವ ಒಂದು ಕಾಳನ್ನು ಹೆಕ್ಕಿ ಬಾಯಿಗೆ ಹಾಕಿಕೊಂಡಿತು.

ಬೆರಳು ಹಾಕಿ ತೆಗೆದೆವು. ಸಾಸಿವೆಗಿಂತ ಸ್ವಲ್ಪ ದೊಡ್ಡದು. ಹುಡುಗ ನಗಾಡಿದ. "ಎಂತ ಆಗುದಿಲ್ಲ ಉಸ್ತಾದ್, ನಾನು ದಿನಾ ಬಾಯಲ್ಲೇ ಹಿಡಿಯುದು." ಆ ಮಾತಿಗೆ ನಮಗೆ ನಗು ಬರಲಿಲ್ಲ. ಅವನು ಹಲ್ಲಿನಲ್ಲಿ ಹಿಡಿದದ್ದರಲ್ಲಿ, ಮಗು ಬಾಯಿಗೆ ಹಾಕಿದ್ದರಲ್ಲಿ ನೂರಕ್ಕೆ ನಲವತ್ತು ಭಾಗ ಸೀಸ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಅಂದೇ ಆಂಪ್ಲಿಫೈಯರನ್ನೂ ಹುಡುಗನನ್ನೂ ಕರೆದುಕೊಂಡು ಪೇಟೆಯ ಕಾಕನ ಅಂಗಡಿಗೆ ಹೋದೆವು. ಕಾಕ ಕ್ಯಾಸೆಟ್ ಕಾಲದವರು. ಹನ್ನೆರಡು ವರ್ಷ ಸೌದಿಯಲ್ಲಿ ಟಿವಿ ರಿಪೇರಿ ಮಾಡಿ ಬಂದವರು. ಅಲ್ಲಿ ಎರಡು ತಾಸು ಕುಳಿತು ನೋಡಿದ್ದು, ಆಮೇಲೆ ಓದಿ ತಿಳಿದುಕೊಂಡದ್ದು ಎರಡನ್ನೂ ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಮನೆಗಳಲ್ಲಿ ಈ ಕೆಲಸ ಈಗ ಕಡಿಮೆಯೇನಿಲ್ಲ. ಮೊಬೈಲ್ ಅಂಗಡಿಯ ಹುಡುಗರು ಕೆಲಸವನ್ನು ಮನೆಗೆ ತರುತ್ತಾರೆ. ಎಮರ್ಜೆನ್ಸಿ ಲೈಟ್, ಇನ್ವರ್ಟರ್, ಮಿಕ್ಸಿ, ಟಿವಿ ಎಲ್ಲವನ್ನೂ ವಿಡಿಯೋ ನೋಡಿ ಬಿಚ್ಚುವ ಮಕ್ಕಳಿದ್ದಾರೆ. ಗುಜರಿ ವ್ಯಾಪಾರದಲ್ಲಿರುವ ನಮ್ಮವರ ಅಂಗಳದಲ್ಲಂತೂ ಹಳೆಯ ಬೋರ್ಡ್‌ಗಳ ರಾಶಿಯೇ ಉಂಟು.

ಹೊಗೆಯಲ್ಲಿ ಇರುವುದು ಎಂತ, ಕೈಯಲ್ಲಿ ಅಂಟುವುದು ಎಂತ?

ನಮ್ಮಲ್ಲಿ ಹೆಚ್ಚಾಗಿ ಸಿಗುವ ಸೋಲ್ಡರ್ ವಯರಿನ ಮೇಲೆ 60/40 ಎಂದು ಬರೆದಿರುತ್ತದೆ. 60 ಭಾಗ ತವರ, 40 ಭಾಗ ಸೀಸ. 63/37 ಎಂಬುದೂ ಉಂಟು. ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಲೇ ಕರಗುತ್ತದೆ. ವಯರಿನ ಹೊಟ್ಟೆಯೊಳಗೆ ಫ್ಲಕ್ಸ್ ಇರುತ್ತದೆ. ಅದು ಪೈನ್ ಮರದ ರಾಳದಿಂದ ಮಾಡಿದ್ದು.

ಬೆಸುಗೆ ಹಾಕುವಾಗ ಮೇಲೇಳುವ ಹೊಗೆಯೇ ಸೀಸ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಸೀಸ ಕುದಿಯಬೇಕಾದರೆ 1,700 ಡಿಗ್ರಿಗಿಂತಲೂ ಹೆಚ್ಚು ಬಿಸಿ ಬೇಕು. ಐರನಿನ ತುದಿ 350ರ ಆಸುಪಾಸಿನಲ್ಲಿ ಇರುತ್ತದೆ. ಆ ಬಿಸಿಗೆ ಸೀಸ ಆವಿಯಾಗುವುದು ಇಲ್ಲವೆಂಬಷ್ಟು ಕಡಿಮೆ. ಕಣ್ಣಿಗೆ ಕಾಣುವ ಹೊಗೆ ರಾಳದ್ದು. ಹಾಗೆಂದು ಅದು ಒಳ್ಳೆಯದೂ ಅಲ್ಲ. ದಿನಾ ಮೂಗಿಗೆ ಹೋದರೆ ಮೂಗು, ಗಂಟಲು ಉರಿಯುತ್ತದೆ. ಕೆಲವರಿಗೆ ದಮ್ಮು ಹಿಡಿಯುತ್ತದೆ, ಒಮ್ಮೆ ಹಿಡಿದರೆ ಬಿಡಿಸುವುದು ಕಷ್ಟ.

ಸೀಸ ದೇಹಕ್ಕೆ ಹೋಗುವುದು ಹೆಚ್ಚಾಗಿ ಕೈಯಿಂದ ಬಾಯಿಗೆ. ವಯರ್ ಹಿಡಿದ ಬೆರಳು, ನೆಲಕ್ಕೆ ಬಿದ್ದ ಕಾಳು, ಮೇಜಿನ ಮೇಲಿನ ಬೂದು ಧೂಳು, ಅದೇ ಕೈಯಲ್ಲಿ ತಿಂದ ಪತ್ತಿರಿ, ಅದೇ ಕೈಯಲ್ಲಿ ಎತ್ತಿಕೊಂಡ ಮಗು. ಸೋಲ್ಡರ್ ಹಾಕುವುದಕ್ಕಿಂತ ತೆಗೆಯುವ ಕೆಲಸದಲ್ಲಿ ಈ ಧೂಳು, ಕಾಳು ಜಾಸ್ತಿ. ಹಳೆಯದೆಲ್ಲ ಪುಡಿಯಾಗಿ ಹೊರಗೆ ಬರುವುದು ಆಗಲೇ.

ಮಕ್ಕಳ ವಿಷಯದಲ್ಲಿ ಇಷ್ಟು ಸೀಸ ಹೋದರೆ ಪರವಾಗಿಲ್ಲ ಎಂಬ ಲೆಕ್ಕವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಯಿಗೆ ಹೋದ ಸೀಸವನ್ನು ದೊಡ್ಡವರ ದೇಹಕ್ಕಿಂತ ಚಿಕ್ಕ ಮಕ್ಕಳ ದೇಹ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಹುದು. ಅದು ಬೆಳೆಯುವ ಮೆದುಳಿಗೆ ಪೆಟ್ಟು ಕೊಡುತ್ತದೆ. ಕಲಿಕೆ ಹಿಂದೆ ಬೀಳುತ್ತದೆ, ಗಮನ ನಿಲ್ಲುವುದಿಲ್ಲ. ಜ್ವರದ ಹಾಗೆ ಹೊರಗೆ ಕಾಣುವ ಲಕ್ಷಣ ಹೆಚ್ಚಿನ ಸಲ ಇರುವುದಿಲ್ಲ. ದೇಹ ಅದನ್ನು ಎಲುಬಿನಲ್ಲಿ ಕೂಡಿಡುತ್ತದೆ. ಗರ್ಭಿಣಿಯಾದಾಗ ತಾಯಿಯ ಎಲುಬಿನಿಂದ ಬಿಟ್ಟುಕೊಂಡು ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತದೆ. ನಮ್ಮ ದೇಶದಲ್ಲಿ 2000ನೇ ಇಸವಿಯಲ್ಲಿ ಪೆಟ್ರೋಲಿನಿಂದ ಸೀಸವನ್ನು ತೆಗೆದುಹಾಕಿದ್ದು ಸುಮ್ಮನೆ ಅಲ್ಲ. ರಸ್ತೆಯಿಂದ ತೆಗೆದದ್ದನ್ನು ನಾವು ಊಟದ ಮೇಜಿಗೆ ತಂದರೆ ಹೇಗೆ?

ಮೊದಲು ಕರೆಂಟ್, ಆಮೇಲೆ ಐರನ್

ಕಾಕ ಆಂಪ್ಲಿಫೈಯರನ್ನು ಕೈಗೆತ್ತಿಕೊಂಡು ಮೊದಲು ನೋಡಿದ್ದು ಪ್ಲಗ್ಗನ್ನು. "ಸ್ವಿಚ್ ಆಫ್ ಮಾಡಿದರೆ ಸಾಕಾಗುದಿಲ್ಲ ಉಸ್ತಾದ್, ಪ್ಲಗ್ ತೆಗೆದು ಕಣ್ಣೆದುರು ಇಟ್ಟುಕೊಳ್ಳಬೇಕು" ಎಂದರು. ಎಮರ್ಜೆನ್ಸಿ ಲೈಟ್, ಇನ್ವರ್ಟರ್‌ಗಳಲ್ಲಿ ಒಳಗಿನ ಬ್ಯಾಟರಿಯ ವಯರನ್ನೂ ಬಿಡಿಸಬೇಕು.

ಪ್ಲಗ್ ತೆಗೆದರೂ ಕೆಪಾಸಿಟರಿನಲ್ಲಿ ಕರೆಂಟ್ ನಿಂತಿರುತ್ತದೆ. ಟಿವಿ, ಕಂಪ್ಯೂಟರ್, ಚಾರ್ಜರ್‌ಗಳ ಪವರ್ ಸಪ್ಲೈಯಲ್ಲಿರುವ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ. ಗೋಡೆಯ 230 ವೋಲ್ಟ್ ಎಸಿಯನ್ನು ನೇರ ಡಿಸಿ ಮಾಡಿದರೆ ಅಷ್ಟಾಗುತ್ತದೆ. ಸ್ಕ್ರೂ ಡ್ರೈವರ್ ಅಡ್ಡ ಇಟ್ಟು 'ಟಪ್' ಎನ್ನಿಸುವವರಿದ್ದಾರೆ. ಕಿಡಿ ಹಾರಿ ಕಣ್ಣಿಗೆ ಬಿದ್ದರೆ? ಬೋರ್ಡ್ ಸುಟ್ಟರೆ? ಕಾಕನ ಹತ್ತಿರ ಹೋಲ್ಡರಿಗೆ ಹಾಕಿದ 60 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬ್ ಉಂಟು. ಹೋಲ್ಡರಿಂದ ಎರಡು ವಯರ್, ತುದಿಗೆ ಪ್ಲಾಸ್ಟಿಕ್ ಹಿಡಿಯ ಪ್ರೋಬ್. ಕೆಪಾಸಿಟರಿನ ಎರಡು ಕಾಲಿಗೆ ಮುಟ್ಟಿಸಿ ಕೆಲವು ಸೆಕೆಂಡ್ ಹಿಡಿದರೆ ಒಳಗಿದ್ದ ಕರೆಂಟ್ ಇಳಿಯುತ್ತದೆ. ಆಮೇಲೆ ಮಲ್ಟಿಮೀಟರಿನಲ್ಲಿ ನೋಡಿ, ಸೊನ್ನೆಯ ಹತ್ತಿರ ಬಂದ ಮೇಲೆಯೇ ಕೈ ಹಾಕಿದರು. ಮೀಟರ್ ಇಲ್ಲದವರು, ಓದಲು ಬಾರದವರು ಪವರ್ ಸಪ್ಲೈ ಬಿಚ್ಚುವುದೇ ಬೇಡ. ಮೈಕ್ರೋವೇವ್ ಓವನ್, ಹಳೆಯ ಡಬ್ಬಾ ಟಿವಿಗಳ ಹತ್ತಿರವಂತೂ ಮನೆಯಲ್ಲಿ ಹೋಗಲೇಬಾರದು. ಅವುಗಳಲ್ಲಿರುವುದು ಸಾವಿರಗಟ್ಟಲೆ ವೋಲ್ಟ್.

ಕೆಪಾಸಿಟರ್ ತೆಗೆಯುವ ಮೊದಲು ಕಾಕ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡರು. ಅದರ ಮೈಮೇಲಿನ ಬಿಳಿ ಪಟ್ಟಿ ಮೈನಸ್ ಕಾಲಿನ ಗುರುತು. ಹೊಸದನ್ನು ತಿರುಗಿಸಿ ಹಾಕಿದರೆ ಸಿಡಿಯುತ್ತದೆ.

ತೆಗೆಯುವ ಮುಂಚೆ ಹಾಕಬೇಕು

ಮುಂದೆ ಕಾಕ ಮಾಡಿದ್ದು ನೋಡಿ ಹುಡುಗನಿಗೆ ಆಶ್ಚರ್ಯ. ಹಳೆಯ ಸೋಲ್ಡರ್ ತೆಗೆಯಬೇಕಾದ ಜಾಗಕ್ಕೆ ಹೊಸ ಸೋಲ್ಡರನ್ನು ಸ್ವಲ್ಪ ಹಾಕಿದರು! ಹಳೆಯದರ ಮೇಲೆ ಕಿಲುಬಿನ ಪದರ ಇರುತ್ತದೆ, ಅದರ ಫ್ಲಕ್ಸ್ ಎಂದೋ ಸುಟ್ಟು ಹೋಗಿರುತ್ತದೆ. ಐರನ್ ಮುಟ್ಟಿಸಿದರೂ ಬಿಸಿ ಒಳಗೆ ಇಳಿಯುವುದಿಲ್ಲ. ಹೊಸದು ಸೇರಿದಾಗ ಅದರೊಳಗಿನ ಫ್ಲಕ್ಸ್ ಕಿಲುಬನ್ನು ಬಿಡಿಸುತ್ತದೆ, ಬಿಸಿ ಸರಾಗ ಹರಿಯುತ್ತದೆ, ಎಲ್ಲವೂ ಒಟ್ಟಿಗೆ ಕರಗುತ್ತದೆ. ಈಚಿನ ಬೋರ್ಡ್‌ಗಳಲ್ಲಿ ಇದು ಇನ್ನೂ ಮುಖ್ಯ. ಯುರೋಪಿನಲ್ಲಿ 2006ರ ಜುಲೈಯಿಂದ ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ಸೀಸಕ್ಕೆ ಕಡಿವಾಣ ಬಿತ್ತು, ಆಮೇಲೆ ನಮ್ಮ ದೇಶದ ನಿಯಮದಲ್ಲೂ ಬಂತು. ಹಾಗಾಗಿ ಹೊಸ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಇರುವುದು ತವರ, ಬೆಳ್ಳಿ, ತಾಮ್ರ ಸೇರಿದ ಸೋಲ್ಡರ್. ಅದು ಕರಗಬೇಕಾದರೆ ಸುಮಾರು 217 ಡಿಗ್ರಿ ದಾಟಬೇಕು. ಅದೇ ಹಳೆಯ ಅಂದಾಜಿನಲ್ಲಿ ಐರನ್ ಇಟ್ಟರೆ ಅರ್ಧ ಕರಗಿ ಅರ್ಧ ಕಚ್ಚಿಕೊಂಡಿರುತ್ತದೆ. ಆಗ ಎಳೆದವನು ಬೋರ್ಡ್ ಕೆಡಿಸುತ್ತಾನೆ.

ಕೆಡಿಸಿದವರಲ್ಲಿ ನಾವೂ ಒಬ್ಬರು. ಹದಿನೈದು ವರ್ಷ ಹಿಂದೆ, ಹಳೆಯ ಮೈಕ್ ಸೆಟ್ಟಿನ ಒಂದು ಪಾರ್ಟನ್ನು ಇಕ್ಕಳದಲ್ಲಿ ಹಿಡಿದು ಎಳೆದಿದ್ದೆವು. ಪಾರ್ಟ್ ಬಂತು. ಅದರೊಟ್ಟಿಗೆ ಬೋರ್ಡಿನ ತಾಮ್ರದ ಗೆರೆಯೂ ಬಾಳೆನಾರಿನ ಹಾಗೆ ಎದ್ದು ಬಂತು. ಐವತ್ತು ರೂಪಾಯಿಯಲ್ಲಿ ಮುಗಿಯುವ ಕೆಲಸಕ್ಕೆ ಹೊಸ ಸೆಟ್ ತರಬೇಕಾಯಿತು. ಚಂದಾ ಎತ್ತಿ ತಂದ ಹಣ ಅದು. ಇಂದಿಗೂ ನೆನಪಾದರೆ ಬೇಸರವಾಗುತ್ತದೆ. ಬೋರ್ಡಿನ ಮೇಲಿನ ತಾಮ್ರ ಬರೀ ಅಂಟಿನಲ್ಲಿ ನಿಂತಿರುವುದು. ಅತಿಯಾಗಿ ಬಿಸಿಯಾದರೆ ಅಂಟು ಬಿಡುತ್ತದೆ, ಎಳೆದರೆ ಎದ್ದು ಬರುತ್ತದೆ.

ಸಕ್ಕರ್ ಮತ್ತು ವಿಕ್

ಕರಗಿದ ಸೋಲ್ಡರನ್ನು ತೆಗೆಯಲು ಎರಡು ಸಾಮಾನು ಸಾಕು. ಒಂದು, ಸಕ್ಕರ್. ಸಿರಿಂಜಿನ ಹಾಗಿರುವ ಸ್ಪ್ರಿಂಗ್ ಪಂಪ್. ಇನ್ನೊಂದು, ವಿಕ್. ತಾಮ್ರದ ಎಳೆಗಳನ್ನು ಜಡೆ ಹೆಣೆದ ಹಾಗಿರುವ ಪಟ್ಟಿ. ಎರಡೂ ದುಬಾರಿಯಲ್ಲ.

ಸಕ್ಕರಿನ ಹಿಡಿಯನ್ನು ಒತ್ತಿ ತಯಾರಾಗಿ ಇಟ್ಟುಕೊಳ್ಳಬೇಕು. ಐರನಿನ ತುದಿ ಕಾಲಿಗೂ ತಾಮ್ರಕ್ಕೂ ಒಟ್ಟಿಗೆ ತಾಗಬೇಕು. ಎರಡು ಮೂರು ಸೆಕೆಂಡಿನಲ್ಲಿ ಸೋಲ್ಡರ್ ಪೂರ್ತಿ ಕರಗಿ ನೀರಿನ ಹಾಗೆ ಹೊಳೆಯುತ್ತದೆ. ಆಗ ಸಕ್ಕರಿನ ಮೂತಿಯನ್ನು ಹತ್ತಿರ ತಂದು ಗುಂಡಿ ಒತ್ತುವುದು. 'ಟಕ್', ಒಳಗೆ ಹೋಯಿತು. ಐದು ಸೆಕೆಂಡಾದರೂ ಕರಗದಿದ್ದರೆ ಐರನ್ ಒತ್ತಿ ಹಿಡಿಯಬಾರದು. ತೆಗೆದು, ಬೋರ್ಡ್ ತಣಿಯಲು ಬಿಟ್ಟು, ಸ್ವಲ್ಪ ಫ್ಲಕ್ಸ್ ಅಥವಾ ಹೊಸ ಸೋಲ್ಡರ್ ಹಾಕಿ ಮತ್ತೆ ನೋಡಬೇಕು. ಅಗಲದ ತಾಮ್ರಕ್ಕೆ ಸೇರಿದ ಕಾಲು ಬಿಸಿಯನ್ನು ಬೇಗ ಹೀರಿಕೊಳ್ಳುತ್ತದೆ. ಅಲ್ಲಿ ದಪ್ಪ ತುದಿಯ ಐರನ್ ಬೇಕು.

ವಿಕ್ ಆದರೆ, ಅದನ್ನು ಸೋಲ್ಡರಿನ ಮೇಲೆ ಇಟ್ಟು, ಅದರ ಮೇಲೆ ಐರನ್ ಇಡುವುದು. ಬತ್ತಿ ಎಣ್ಣೆ ಹೀರಿದ ಹಾಗೆ ತಾಮ್ರ ಸೋಲ್ಡರನ್ನು ಹೀರಿ ಬೆಳ್ಳಗಾಗುತ್ತದೆ. ಐರನ್, ವಿಕ್ ಎರಡನ್ನೂ ಒಟ್ಟಿಗೆ ಎತ್ತಬೇಕು. ಐರನ್ ಮೊದಲು ತೆಗೆದರೆ ವಿಕ್ ಅಲ್ಲೇ ಗಟ್ಟಿಯಾಗಿ ಕಚ್ಚುತ್ತದೆ, ಎಳೆದರೆ ತಾಮ್ರದ ಗೆರೆ ಬರುತ್ತದೆ. ವಿಕ್ ಬಿಸಿಯಾಗುವುದರಿಂದ ಬರಿಗೈಯಲ್ಲಿ ಹಿಡಿಯದೆ ಅದರ ಪ್ಲಾಸ್ಟಿಕ್ ಚಕ್ರವನ್ನು ಅಥವಾ ಇಕ್ಕಳವನ್ನು ಹಿಡಿಯಬೇಕು.

ಎಲ್ಲ ಕಾಲು ಬಿಟ್ಟ ಮೇಲೆ ಪಾರ್ಟ್ ತಾನಾಗಿ ಅಲುಗಾಡುತ್ತದೆ. ಅಲುಗಾಡದಿದ್ದರೆ ಎಲ್ಲೋ ಕಚ್ಚಿಕೊಂಡಿದೆ ಎಂದು ಅರ್ಥ. "ಮೆಲ್ಲ, ಮೆಲ್ಲ. ಅದು ಬರ್ಲಿಕ್ಕೆ ಒಪ್ಪದಿದ್ದರೆ ನಾವು ಎಲ್ಲೋ ತಪ್ಪಿದ್ದೇವೆ" ಎಂದರು ಕಾಕ. ಹೇಗೂ ಸತ್ತ ಪಾರ್ಟಾದರೆ ಕಟ್ಟರಿನಲ್ಲಿ ಕಾಲುಗಳನ್ನು ಕತ್ತರಿಸಿ, ಒಂದೊಂದೇ ಕಾಲನ್ನು ಬಿಸಿ ಮಾಡಿ ತೆಗೆಯುವುದು ಇನ್ನೂ ಸುಲಭ. ಪಾರ್ಟ್ ಹೋದರೂ ಬೋರ್ಡ್ ಉಳಿಯುತ್ತದೆ.

ಬೋರ್ಡನ್ನು ಬಡಿದು ಸೋಲ್ಡರ್ ಉದುರಿಸುವ ಅಭ್ಯಾಸವನ್ನು ಮಾತ್ರ ಬಿಡಲೇಬೇಕು. ಸಿಡಿದ ಹನಿ ಇನ್ನೂರು ಡಿಗ್ರಿಗೆ ಹತ್ತಿರ ಇರುತ್ತದೆ. ಕಣ್ಣಿಗೆ ಬಿದ್ದರೆ ಮತ್ತೆ ಹೇಳಲಿಕ್ಕಿಲ್ಲ. ಕೆಲಸ ಮಾಡುವಾಗ ಸಾದಾ ಪ್ಲಾಸ್ಟಿಕ್ ಕನ್ನಡಕವಾದರೂ ಇರಲಿ. ಮೊಬೈಲ್, ಲ್ಯಾಪ್‌ಟಾಪ್ ಬೋರ್ಡ್‌ಗಳು ಹಲವು ಪದರದವು. ಅವಕ್ಕೆ ಹಾಟ್ ಏರ್ ಬೇಕು, ಪಳಗಿದ ಕೈ ಬೇಕು. ಮನೆಯಲ್ಲಿ ಪ್ರಯೋಗ ಬೇಡ.

ಕೆಲಸ ಮುಗಿದ ಮೇಲೆ ಇರುವ ಕೆಲಸ

ಕಾಕ ಸಕ್ಕರಿನ ಹಿಡಿ ಒತ್ತುವಾಗಲೆಲ್ಲ ಅದರ ಮೂತಿಯನ್ನು ಒಂದು ಹಾಲಿನ ಪುಡಿಯ ಡಬ್ಬದೊಳಗೆ ಇಟ್ಟು ಒತ್ತುತ್ತಿದ್ದರು. ಪ್ರತೀ ಸಲ ಒಳಗಿನ ಪುಡಿ ಹೊರಗೆ ಉದುರುತ್ತದೆ. ಹುಡುಗ ಅದನ್ನು ಇಷ್ಟು ದಿನ ಮನೆಯ ನೆಲಕ್ಕೇ ಉದುರಿಸುತ್ತಿದ್ದ. ಡಬ್ಬಕ್ಕೆ ಮುಚ್ಚಳ ಉಂಟು, ಮೇಲೆ 'ಸೀಸ' ಎಂದು ಬರೆದ ಚೀಟಿ ಉಂಟು. ತುಂಬಿದ ಮೇಲೆ ಅದಕ್ಕೂ ಗುಜರಿಯಲ್ಲಿ ಬೆಲೆ ಉಂಟು.

ಕೆಲಸದ ಮೇಜನ್ನು ಪೊರಕೆಯಲ್ಲಿ ಗುಡಿಸಿದರೆ ಧೂಳು ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಆ ಬಟ್ಟೆ ಅಡುಗೆಮನೆಗೆ ಹೋಗಬಾರದು. ಬೋರ್ಡಿನ ಮೇಲಿನ ಫ್ಲಕ್ಸ್ ತೊಳೆಯುವ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಬೇಗ ಬೆಂಕಿ ಹಿಡಿಯುತ್ತದೆ. ಐರನ್ ಆಫ್ ಮಾಡಿ ತಣಿದ ಮೇಲೆಯೇ ಅದರ ಬಾಟಲಿ ತೆರೆಯಬೇಕು. ಕೊನೆಗೆ ಕೈಯನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಉಗುರಿನ ಸಂದಿಯವರೆಗೆ ತೊಳೆಯಬೇಕು. ಸ್ಯಾನಿಟೈಸರ್ ರೋಗಾಣು ಕೊಲ್ಲಬಹುದು, ಸೀಸವನ್ನು ತೆಗೆಯುವುದಿಲ್ಲ. ನಮಾಝಿಗೆ ಮೊದಲು ವುಳೂ ಮಾಡುವ ಕೈ ನಮ್ಮದು. ಐರನ್ ಕೆಳಗಿಟ್ಟು ತಿಂಡಿಗೆ ಕೈ ಹಾಕುವ ಮೊದಲು ಅದೇ ಕೈಯನ್ನು ಸಾಬೂನಿನಲ್ಲಿ ತೊಳೆಯಲು ಉದಾಸೀನ ಯಾಕೆ?

ಸುಟ್ಟ ಗಾಯವಾದರೆ ಕೂಡಲೇ ನಳ್ಳಿಯ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಅರಶಿನ, ಐಸ್ ಯಾವುದೂ ಬೇಡ. ಗುಳ್ಳೆ ದೊಡ್ಡದಾದರೆ, ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಹೋಗಬೇಕು.

ಗುಜರಿಯ ಸಹೋದರರಿಗೆ ಒಂದು ಮಾತು. ಬೋರ್ಡಿನಿಂದ ಪಾರ್ಟ್ ಬಿಡಿಸಲು ಒಲೆಯ ಮೇಲೆ ಕಾವಲಿ ಇಟ್ಟು ಬೋರ್ಡ್ ಹುರಿಯುವವರಿದ್ದಾರೆ. ತಾಮ್ರಕ್ಕಾಗಿ ವಯರ್ ಸುಡುವವರಿದ್ದಾರೆ. ಬೋರ್ಡಿನ ಪ್ಲಾಸ್ಟಿಕ್, ವಯರಿನ ಪಿವಿಸಿ ಸುಟ್ಟಾಗ ಬರುವ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷಗಳಿವೆ. ಬೂದಿಯಲ್ಲಿ ಉಳಿದ ಸೀಸ ಮಳೆ ನೀರಿನೊಟ್ಟಿಗೆ ಅಂಗಳದ ಮಣ್ಣಿಗೆ, ಬಾವಿಯ ಕಡೆಗೆ ಹೋಗುತ್ತದೆ. ಆ ಬಾವಿಯ ನೀರು ಕುಡಿಯುವುದು ನಮ್ಮ ಮಕ್ಕಳೇ, ನೆರೆಯವರೇ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಂತೆ ಇಂಥ ಬೋರ್ಡ್‌ಗಳು ನೋಂದಾಯಿತ ಮರುಬಳಕೆ ಘಟಕಕ್ಕೆ ಹೋಗಬೇಕು. ಸುಡದೆ, ಒಡೆಯದೆ, ಇಡೀ ಬೋರ್ಡನ್ನೇ ಅವರಿಗೆ ಮಾರಿದರೂ ವ್ಯಾಪಾರ ನಡೆಯುತ್ತದೆ.

ಕೆಲಸ ಬಿಡಿ ಎನ್ನುವುದಲ್ಲ

ಇಷ್ಟು ಹೇಳಿದ್ದು ಮಕ್ಕಳನ್ನು ಹೆದರಿಸಲಿಕ್ಕೆ ಅಲ್ಲ. ಕೈಯಲ್ಲಿ ಕಸುಬು ಇರುವ ಹುಡುಗ ಮನೆಗೆ ಆಸ್ತಿ. ಹಾಳಾದದ್ದನ್ನು ಎಸೆಯದೆ ಸರಿ ಮಾಡುವವನು ನಾಲ್ಕು ಮನೆಯ ಹಣ ಉಳಿಸುತ್ತಾನೆ. ಉಮ್ಮಂದಿರು ಮಾಡಬೇಕಾದದ್ದು, ಅವನಿಗೆ ಒಂದು ಜಾಗ ಕೊಡುವುದು. ಅಡುಗೆಮನೆಯಲ್ಲಿ ಅಲ್ಲ, ಊಟದ ಮೇಜಿನಲ್ಲಿ ಅಲ್ಲ, ಮಗು ಮಲಗುವ ಕೋಣೆಯಲ್ಲಂತೂ ಅಲ್ಲ. ಕಿಟಕಿ ಇರುವ ಒಂದು ಮೂಲೆ, ಬಾಗಿಲು ಹಾಕಲು ಸಾಧ್ಯವಾಗುವಂಥದ್ದು. ಹೊಗೆಯನ್ನು ಮುಖದಿಂದ ದೂರಕ್ಕೆ ಎಳೆಯುವ ಹಾಗೆ ಒಂದು ಸಣ್ಣ ಫ್ಯಾನ್.

ಆ ದಿನ ಕಾಕ ಒಂದು ಕೆಪಾಸಿಟರನ್ನು ತಾವು ತೆಗೆದು, ಇನ್ನೊಂದನ್ನು ಹುಡುಗನ ಕೈಗೆ ಬಿಟ್ಟರು. ಅವನು ಅಭ್ಯಾಸದಂತೆ ವಯರನ್ನು ಬಾಯಿಗೆ ಕೊಂಡುಹೋದ. ಕಾಕ ಏನೂ ಹೇಳದೆ ಅವನ ಕೈ ಹಿಡಿದು ಕೆಳಗಿಳಿಸಿದರು. ಬೋರ್ಡನ್ನು ಸಣ್ಣ ವೈಸಿನಲ್ಲಿ ಕಚ್ಚಿಸಿ ಕೊಟ್ಟರು. ಬೋರ್ಡ್ ಹಿಡಿಯಲು ಕೈ ಬೇಡವಾದಾಗ ವಯರ್ ಹಿಡಿಯಲು ಬಾಯಿಯೂ ಬೇಡವಾಯಿತು. ಅರ್ಧ ಗಂಟೆಯಲ್ಲಿ ಎರಡು ಹೊಸ ಕೆಪಾಸಿಟರ್ ಕುಳಿತವು. ಮೈಕ್ ಸೆಟ್ ಮಾತನಾಡಿತು.

ಮಗುವನ್ನು ಮನೆಯವರು ಮಕ್ಕಳ ಡಾಕ್ಟರರ ಹತ್ತಿರ ತೋರಿಸಿದರು. ದೇಹದಲ್ಲಿ ಸೀಸ ಎಷ್ಟುಂಟು ಎಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಔಷಧಿ ಬೇಕಾಗುವಷ್ಟು ಇಲ್ಲ, ಆದರೆ ಬರುವ ದಾರಿಯನ್ನು ಇವತ್ತೇ ಮುಚ್ಚಿ ಎಂದರಂತೆ. ಮನೆಯಲ್ಲಿ ಈ ಕೆಲಸ ಬಹಳ ದಿನದಿಂದ ನಡೆಯುತ್ತಿದ್ದರೆ, ಚಿಕ್ಕ ಮಕ್ಕಳಿದ್ದರೆ, ನೀವೂ ಒಮ್ಮೆ ಡಾಕ್ಟರರಲ್ಲಿ ಕೇಳಿ.

ಮೊನ್ನೆ ಆ ಮನೆಯ ಮುಂದೆ ಹಾದುಹೋದೆವು. ಹಿಂದಿನ ಜಗಲಿಯಲ್ಲಿ ಹಳೆಯ ಶಾಲೆಯ ಡೆಸ್ಕ್, ಅದರ ಮೇಲೆ ವೈಸ್, ಪಕ್ಕದಲ್ಲಿ ಮುಚ್ಚಳ ಹಾಕಿದ ಡಬ್ಬ. ಜಗಲಿಯ ಬಾಗಿಲಿಗೆ ಹೊಸ ಚಿಲಕ, ಮಗುವಿನ ಕೈಗೆ ಎಟುಕದಷ್ಟು ಎತ್ತರದಲ್ಲಿ. "ಉಸ್ತಾದ್, ಈಗ ಕೈ ತೊಳೆಯದೆ ಅಕ್ಕ ಮಗುವನ್ನೇ ಕೊಡುದಿಲ್ಲ" ಎಂದ ಹುಡುಗ. ಒಳ್ಳೆಯದಾಯಿತು ಎಂದೆವು.

ಗೋಡೆಗೆ ಅಂಟಿಸಿಡಿ

• ಪ್ಲಗ್ ತೆಗೆಯಿರಿ, ಬ್ಯಾಟರಿ ಬಿಡಿಸಿ, ಕೆಪಾಸಿಟರ್ ಖಾಲಿ ಮಾಡಿ ಮೀಟರಿನಲ್ಲಿ ನೋಡಿ.
• ಸೋಲ್ಡರ್ ವಯರ್ ಬಾಯಿಗೆ ಹೋಗಬಾರದು. ಬೋರ್ಡನ್ನು ವೈಸಿನಲ್ಲಿ ಕಚ್ಚಿಸಿ.
• ಹಳೆಯದು ತೆಗೆಯುವ ಮೊದಲು ಸ್ವಲ್ಪ ಹೊಸ ಸೋಲ್ಡರ್ ಹಾಕಿ. ಎರಡು ಮೂರು ಸೆಕೆಂಡ್ ಬಿಸಿ, ಆಮೇಲೆ ಸಕ್ಕರ್ ಅಥವಾ ವಿಕ್. ಎಳೆಯಬೇಡಿ, ಬಡಿಯಬೇಡಿ.
• ಕಿಟಕಿ ತೆರೆದಿರಲಿ, ಕಣ್ಣಿಗೆ ಕನ್ನಡಕ ಇರಲಿ. ಮೇಜಿನಲ್ಲಿ ಚಾ, ತಿಂಡಿ ಬೇಡ.
• ತೆಗೆದ ಸೋಲ್ಡರ್ ಮುಚ್ಚಳದ ಡಬ್ಬಕ್ಕೆ ಹೋಗಲಿ. ಮೇಜು ಒದ್ದೆ ಬಟ್ಟೆಯಲ್ಲಿ ಒರೆಸಿ, ಕೈ ಸಾಬೂನಿನಲ್ಲಿ ತೊಳೆಯಿರಿ.
• ಮಕ್ಕಳು, ಗರ್ಭಿಣಿಯರು ಆ ಜಾಗದಿಂದ ದೂರ ಇರಲಿ.